ಒಂದು ಕ್ಯಾಮೆರಾ, ಎರಡು ನೋಟ: ಬೀಮ್ ಸ್ಪ್ಲಿಟರ್ ಜೋಡಣೆಯೊಂದಿಗೆ ಸ್ಟೀರಿಯೊ ಛಾಯಾಗ್ರಹಣದ ಆರಂಭ

ಮನೆಯ ಹಳೆಯ ಆಲ್ಬಮ್ ತೆರೆದಾಗ ಅಜ್ಜಿಯ ಮುಖ ಕಾಣುತ್ತದೆ, ಉಟ್ಟ ಸೀರೆಯ ಅಂಚು ಕಾಣುತ್ತದೆ, ಹಿಂದಿನ ಬಾಗಿಲು ಕಾಣುತ್ತದೆ. ಆದರೆ ಅಜ್ಜಿಗೂ ಬಾಗಿಲಿಗೂ ನಡುವೆ ಇದ್ದ ಅಂತರ ಕಾಣುವುದಿಲ್ಲ. ಕಾಗದದ ಮೇಲೆ ಎಲ್ಲವೂ ಒಂದೇ ಸಮತಲದಲ್ಲಿ ಅಂಟಿಕೊಂಡಿರುತ್ತವೆ. ಕಳೆದುಹೋದ ಆ ಅಂತರವನ್ನು ಉಳಿಸಿಕೊಳ್ಳುವ ಕಲೆಯೇ ಸ್ಟೀರಿಯೊ ಛಾಯಾಗ್ರಹಣ. ಸ್ಟೀರಿಯೊ ಎಂದೊಡನೆ ನಮ್ಮಲ್ಲಿ ಬಹುಮಂದಿಗೆ ಸಂಗೀತದ ಪೆಟ್ಟಿಗೆ ನೆನಪಾಗುತ್ತದೆ. ಆದರೆ ಘನ ಎಂಬ ಅರ್ಥದ ಗ್ರೀಕ್ ಪದದಿಂದ ಬಂದ ಈ ಮಾತು ಧ್ವನಿಗಿಂತ ಬಹಳ ಮೊದಲೇ ಚಿತ್ರಕ್ಕೆ ಅನ್ವಯವಾಗಿತ್ತು.

ಈ ಲೇಖನಕ್ಕೆ ನಮ್ಮದೇ ಒಂದು ಸೋಲು ಕಾರಣ. ಮುಂಬಯಿಯ ಹಳೆಯ ಚಾಳೊಂದು ಪುನರ್ನಿರ್ಮಾಣಕ್ಕಾಗಿ ತೆರವಾಗಲಿದ್ದಾಗ, ಅನೇಕ ಕನ್ನಡ ಕುಟುಂಬಗಳು ಬಾಳಿದ ಅದರ ಉದ್ದನೆಯ ಮರದ ಮೊಗಸಾಲೆಯನ್ನು ಸ್ಟೀರಿಯೊ ಚಿತ್ರಗಳಲ್ಲಿ ದಾಖಲಿಸಲು ನಾವು ಹೊರಟೆವು. ಒಂದೇ ಕ್ಯಾಮೆರಾದಿಂದ ಮೊದಲು ಎಡಗಣ್ಣಿನ ಚಿತ್ರ, ಅನಂತರ ಸ್ವಲ್ಪ ಸರಿದು ಬಲಗಣ್ಣಿನ ಚಿತ್ರ ತೆಗೆದೆವು. ಆದರೆ ಎರಡು ಚಿತ್ರಗಳ ನಡುವಿನ ಕೆಲವೇ ಕ್ಷಣಗಳಲ್ಲಿ ಹಗ್ಗದ ಮೇಲಿನ ಬಟ್ಟೆಗಳು ಗಾಳಿಗೆ ಅಲುಗಿದವು, ಮಕ್ಕಳು ಓಡಿದರು, ಕುರ್ಚಿಯಲ್ಲಿ ಕುಳಿತಿದ್ದ ಹಿರಿಯರು ತಲೆ ತಿರುಗಿಸಿದರು. ಮನೆಗೆ ಬಂದು ನೋಡಿದಾಗ ಗೋಡೆ ಮತ್ತು ಕಂಬಗಳಿಗೆ ಆಳ ಬಂದಿತ್ತು. ಬದುಕಿದ್ದ ಎಲ್ಲವೂ ಕಣ್ಣು ಕುಕ್ಕುವ ಕಲೆಗಳಾಗಿದ್ದವು. ಮತ್ತೆ ತೆಗೆಯೋಣವೆಂದರೆ ಆ ಕಟ್ಟಡ ಇಂದು ಇಲ್ಲ. ಎರಡು ನೋಟಗಳನ್ನೂ ಒಂದೇ ಕ್ಷಣದಲ್ಲಿ ಹಿಡಿಯುವುದು ಏಕೆ ಮುಖ್ಯವೆಂಬುದನ್ನು ನಾವು ಹೀಗೆ ಕಲಿತೆವು. ಆ ಕೆಲಸವನ್ನು ಕಡಿಮೆ ಖರ್ಚಿನಲ್ಲಿ ಮಾಡಿಕೊಡುವ ಸಾಧನವೇ ಬೀಮ್ ಸ್ಪ್ಲಿಟರ್ ಜೋಡಣೆ.

ಎರಡು ಕಣ್ಣುಗಳ ಲೆಕ್ಕ

ವಯಸ್ಕರ ಎರಡು ಕಣ್ಣುಗಳ ನಡುವಿನ ಅಂತರ ಸರಾಸರಿ 63ರಿಂದ 65 ಮಿ.ಮೀ. ಇರುತ್ತದೆ. ಈ ಕಾರಣದಿಂದ ಪ್ರತಿ ಕಣ್ಣೂ ಜಗತ್ತನ್ನು ತುಸು ಬೇರೆ ಕೋನದಿಂದ ಕಾಣುತ್ತದೆ. ಮುಖದ ಮುಂದೆ ಒಂದು ಬೆರಳನ್ನು ಹಿಡಿದು ಎಡಗಣ್ಣು, ಬಲಗಣ್ಣುಗಳನ್ನು ಒಂದಾದ ಮೇಲೊಂದರಂತೆ ಮುಚ್ಚಿ ತೆರೆದರೆ ಹಿಂದಿನ ಗೋಡೆಯ ಎದುರು ಬೆರಳು ಅತ್ತಿತ್ತ ಜಿಗಿಯುತ್ತದೆ. ಈ ಜಿಗಿತವು ಹತ್ತಿರದ ವಸ್ತುವಿಗೆ ಹೆಚ್ಚು, ದೂರದ ವಸ್ತುವಿಗೆ ಕಡಿಮೆ. ಮಿದುಳು ಈ ವ್ಯತ್ಯಾಸವನ್ನೇ ಆಳವನ್ನಾಗಿ ಓದಿಕೊಳ್ಳುತ್ತದೆ.

ಇಂಗ್ಲೆಂಡಿನ ವಿಜ್ಞಾನಿ ಚಾರ್ಲ್ಸ್ ವೀಟ್‌ಸ್ಟನ್ 1838ರಲ್ಲಿ ರಾಯಲ್ ಸೊಸೈಟಿಯ ಮುಂದೆ ಈ ತತ್ತ್ವವನ್ನು ವಿವರಿಸಿ, ಎರಡು ಕನ್ನಡಿಗಳನ್ನುಳ್ಳ ತಮ್ಮ ಸ್ಟೀರಿಯೊಸ್ಕೋಪನ್ನು ಪರಿಚಯಿಸಿದರು. ಡಾಗೆರ್ ಅವರ ಛಾಯಾಗ್ರಹಣ ವಿಧಾನ ಜಗತ್ತಿಗೆ ಪ್ರಕಟವಾದದ್ದು 1839ರಲ್ಲಿ. ಅಂದರೆ ವೀಟ್‌ಸ್ಟನ್ ಬಳಸಿದ್ದು ಕೈಯಿಂದ ಬರೆದ ರೇಖಾಚಿತ್ರಗಳನ್ನು. ಸ್ಕಾಟ್ಲೆಂಡಿನ ಡೇವಿಡ್ ಬ್ರೂಸ್ಟರ್ 1849ರಲ್ಲಿ ಮಸೂರಗಳುಳ್ಳ ಚಿಕ್ಕ ವೀಕ್ಷಕವನ್ನು ರೂಪಿಸಿದರು. ಅದು 1851ರ ಲಂಡನ್ನಿನ ಮಹಾಪ್ರದರ್ಶನದಲ್ಲಿ ಜನರ ಗಮನ ಸೆಳೆಯಿತು. ಅಮೆರಿಕದ ವೈದ್ಯ ಮತ್ತು ಲೇಖಕ ಆಲಿವರ್ ವೆಂಡೆಲ್ ಹೋಮ್ಸ್ 1861ರಲ್ಲಿ ಕೈಯಲ್ಲಿ ಹಿಡಿದು ನೋಡುವ ಸರಳ ವೀಕ್ಷಕವನ್ನು ಸಿದ್ಧಪಡಿಸಿ, ಅದಕ್ಕೆ ಪೇಟೆಂಟ್ ಪಡೆಯದೆ ಎಲ್ಲರಿಗೂ ಬಿಟ್ಟುಕೊಟ್ಟರು. ಆ ಮೇಲೆ ಸುಮಾರು 7 ಅಂಗುಲ ಅಗಲ, ಮೂರೂವರೆ ಅಂಗುಲ ಎತ್ತರದ ಜೋಡಿಚಿತ್ರದ ಕಾರ್ಡುಗಳು ಮನೆಮನೆ ತಲುಪಿದವು. ಅಂಡರ್‌ವುಡ್ ಅಂಡ್ ಅಂಡರ್‌ವುಡ್ ಸಂಸ್ಥೆಗಾಗಿ ಜೇಮ್ಸ್ ರಿಕಾಲ್ಟನ್ 1903ರ ದೆಹಲಿ ದರ್ಬಾರನ್ನು ಇದೇ ರೀತಿಯ ಜೋಡಿಚಿತ್ರಗಳಲ್ಲಿ ಸೆರೆಹಿಡಿದರು. 1939ರಲ್ಲಿ ಬಂದ ವ್ಯೂ ಮಾಸ್ಟರ್ ನಮ್ಮ ಓದುಗರಲ್ಲಿ ಅನೇಕರ ಬಾಲ್ಯದ ಆಟಿಕೆ. ದುಂಡನೆಯ ತಟ್ಟೆಯ ಚಿತ್ರಗಳನ್ನು ಸನ್ನೆಕೋಲು ಒತ್ತಿ ಒಂದೊಂದಾಗಿ ನೋಡಿದ ಆ ಸಂತೋಷದ ಹಿಂದೆ ಇದ್ದುದೂ ಇದೇ ಲೆಕ್ಕ.

ಜೋಡಣೆಯ ರಚನೆ

ಭೌತಶಾಸ್ತ್ರದಲ್ಲಿ ಬೀಮ್ ಸ್ಪ್ಲಿಟರ್ ಎಂದರೆ ಒಂದೇ ಕಿರಣದ ಅರ್ಧಭಾಗವನ್ನು ಹಾಯಲು ಬಿಟ್ಟು ಅರ್ಧಭಾಗವನ್ನು ಪ್ರತಿಫಲಿಸುವ ಗಾಜು. ಛಾಯಾಗ್ರಾಹಕರ ಬಳಕೆಯಲ್ಲಿ ಈ ಹೆಸರು ಸಡಿಲವಾಗಿದೆ. ನಾವು ಇಲ್ಲಿ ಹೇಳುತ್ತಿರುವ ಸಾಧನವು ಕಿರಣವನ್ನಲ್ಲ, ಚಿತ್ರದ ಚೌಕಟ್ಟನ್ನು ಎರಡಾಗಿ ಹಂಚುತ್ತದೆ. ಅಂಗಡಿಯಲ್ಲಿ ಸ್ಟೀರಿಯೊ ಅಡಾಪ್ಟರ್ ಎಂದು ಕೇಳಿದರೂ ಇದೇ ವಸ್ತು ಸಿಗುತ್ತದೆ.

ಲೆನ್ಸಿನ ಮುಂಭಾಗಕ್ಕೆ ತಿರುಗಿಸಿ ಕೂರಿಸುವ ಅಗಲವಾದ ಪೆಟ್ಟಿಗೆಯೊಳಗೆ ನಾಲ್ಕು ಕನ್ನಡಿಗಳಿರುತ್ತವೆ. ನಡುವೆ ಎರಡು ಚಿಕ್ಕ ಕನ್ನಡಿಗಳು ಲೆನ್ಸಿನ ಕಡೆಗೆ ಚೂಪಾದ ಏಣನ್ನು ಮಾಡಿಕೊಂಡು ಕೂಡಿರುತ್ತವೆ. ಎರಡು ಪಕ್ಕಗಳಲ್ಲಿ ತುಸು ದೊಡ್ಡ ಕನ್ನಡಿಗಳು ಹೊರಗಿನ ದೃಶ್ಯವನ್ನು ನೋಡುತ್ತವೆ. ಎಡ ಕಿಟಕಿಯಿಂದ ಬಂದ ಬೆಳಕು ಹೊರಗಿನ ಎಡ ಕನ್ನಡಿಗೆ ಬಡಿದು, ಒಳಗಿನ ಎಡ ಕನ್ನಡಿಗೆ ಹಾರಿ, ಅಲ್ಲಿಂದ ಲೆನ್ಸನ್ನು ಸೇರುತ್ತದೆ. ಬಲಭಾಗದಲ್ಲಿಯೂ ಹಾಗೆಯೇ. ಪ್ರತಿಫಲನ ಎರಡು ಬಾರಿ ಆಗುವುದರಿಂದ ಅಂಗಡಿಯ ನಾಮಫಲಕದ ಅಕ್ಷರಗಳು ಕನ್ನಡಿಯಲ್ಲಿ ಕಂಡಂತೆ ತಿರುಗುವುದಿಲ್ಲ. ಅಂತಿಮ ಚಿತ್ರದ ಎಡ ಅರ್ಧದಲ್ಲಿ ಎಡಗಣ್ಣಿನ ನೋಟ, ಬಲ ಅರ್ಧದಲ್ಲಿ ಬಲಗಣ್ಣಿನ ನೋಟ ದೊರೆಯುತ್ತದೆ.

ಈ ಉಪಾಯ ಹೊಸದಲ್ಲ. 1930ರ ದಶಕದಲ್ಲಿ ಲೈಕಾ ಕ್ಯಾಮೆರಾಗಳಿಗಾಗಿ ಸ್ಟೀರಿಯೊಲಿ ಎಂಬ ಪ್ರಿಸಮ್ ಜೋಡಣೆ ಬಂದಿತ್ತು. ಮುಂದೆ ಝೈಸ್ ಇಕಾನ್ ಸಂಸ್ಥೆ ಕಾಂಟಾಫ್ಲೆಕ್ಸ್ ಕ್ಯಾಮೆರಾಕ್ಕಾಗಿ ಸ್ಟೆರಿಟಾರ್ ಎಂಬುದನ್ನು ತಯಾರಿಸಿತು. ಪೆಂಟಾಕ್ಸ್ ಸಂಸ್ಥೆಯ ಕನ್ನಡಿ ಜೋಡಣೆಯು ಬಹುಕಾಲ ಹವ್ಯಾಸಿಗಳ ಮೆಚ್ಚಿನ ಸಾಧನವಾಗಿತ್ತು. ಇಂದು ಇವು ಹಳೆಯ ಸಾಮಾನುಗಳ ಅಂಗಡಿಗಳಲ್ಲಿ, ಅಂತರಜಾಲದ ಹರಾಜುಗಳಲ್ಲಿ ದೊರೆಯುತ್ತವೆ. ಮುಂಬಯಿಯಲ್ಲಿರುವವರು ಫೋರ್ಟ್ ಭಾಗದ ಬೋರಾ ಬಜಾರ್‌ನ ಕ್ಯಾಮೆರಾ ಅಂಗಡಿಗಳಲ್ಲಿ ಒಮ್ಮೆ ವಿಚಾರಿಸಬಹುದು.

ಬೇರೆ ದಾರಿಗಳಿಗೆ ಹೋಲಿಸಿದರೆ

ಸ್ಟೀರಿಯೊ ಚಿತ್ರ ತೆಗೆಯಲು ಸಾಮಾನ್ಯವಾಗಿ ಮೂರು ದಾರಿಗಳಿವೆ. ಒಂದು ಕ್ಯಾಮೆರಾವನ್ನು ಸರಿಸಿ ಎರಡು ಬಾರಿ ತೆಗೆಯುವುದು ಮೊದಲನೆಯದು. ಇದಕ್ಕೆ ಖರ್ಚಿಲ್ಲ, ಶಿಲ್ಪ, ದೇವಾಲಯದ ಕಂಬ, ಪಾತ್ರೆಪರಡಿಗಳಂತಹ ಸ್ಥಿರ ವಸ್ತುಗಳಿಗೆ ಇದು ಬಹಳ ಒಳ್ಳೆಯದು. ಆದರೆ ಎಲೆ ಅಲುಗಿದರೂ ಚಿತ್ರ ಕೆಡುತ್ತದೆ. ಎರಡು ಕ್ಯಾಮೆರಾಗಳನ್ನು ಪಟ್ಟಿಯೊಂದರ ಮೇಲೆ ಅಕ್ಕಪಕ್ಕ ಕೂರಿಸುವುದು ಎರಡನೆಯದು. ಇಲ್ಲಿ ಚಿತ್ರದ ಗುಣಮಟ್ಟ ಹೆಚ್ಚು. ಆದರೆ ಖರ್ಚು ಇಮ್ಮಡಿ, ಎರಡು ಶಟರ್‌ಗಳನ್ನು ಒಂದೇ ಕ್ಷಣಕ್ಕೆ ತೆರೆಸುವುದೂ ಸುಲಭವಲ್ಲ. ಇದಲ್ಲದೆ ದೊಡ್ಡ ಕ್ಯಾಮೆರಾಗಳ ಮೈ ಅಗಲವಾಗಿರುವುದರಿಂದ ಲೆನ್ಸುಗಳನ್ನು 65 ಮಿ.ಮೀ. ಅಂತರಕ್ಕೆ ತರಲು ಆಗದು. ಮೂರನೆಯದು ಎರಡು ಲೆನ್ಸುಗಳ ವಿಶೇಷ ಕ್ಯಾಮೆರಾ. 1947ರಲ್ಲಿ ಬಂದ ಸ್ಟೀರಿಯೊ ರಿಯಲಿಸ್ಟ್ ಫಿಲ್ಮ್ ಕಾಲದ ಪ್ರಸಿದ್ಧ ಉದಾಹರಣೆ. ಫ್ಯೂಜಿ ಸಂಸ್ಥೆ 2009 ಮತ್ತು 2010ರಲ್ಲಿ ಬಿಡುಗಡೆ ಮಾಡಿದ ರಿಯಲ್ ತ್ರೀಡಿ ಡಿಜಿಟಲ್ ಕ್ಯಾಮೆರಾಗಳ ತಯಾರಿಕೆ ನಿಂತುಹೋಗಿದೆ. ಅವು ಈಗ ಹಳೆಯ ಮಾಲಾಗಿ ಮಾತ್ರ ಸಿಗುತ್ತವೆ.

ಕನ್ನಡಿ ಜೋಡಣೆಯಲ್ಲಿ ಲೆನ್ಸ್ ಒಂದೇ, ಶಟರ್ ಒಂದೇ, ಸೆನ್ಸರ್ ಒಂದೇ. ಆದ್ದರಿಂದ ಕ್ಷಣವೂ ಒಂದೇ, ಬಣ್ಣವೂ ಒಂದೇ. ಇದಕ್ಕೆ ನಾವು ತೆರುವ ಬೆಲೆಯೆಂದರೆ ಚೌಕಟ್ಟಿನ ಅರ್ಧ ಅಗಲ. 36 ಮಿ.ಮೀ. ಅಗಲ, 24 ಮಿ.ಮೀ. ಎತ್ತರದ ಚೌಕಟ್ಟು 18 ಮಿ.ಮೀ. ಅಗಲದ ಎರಡು ಉದ್ದನೆಯ ಚಿತ್ರಗಳಾಗುತ್ತದೆ. ನಡುವಿನ ಮಬ್ಬು ಪಟ್ಟಿಯನ್ನು ಕಳೆದರೆ ಇನ್ನೂ ಸ್ವಲ್ಪ ಕಡಿಮೆ. ಈ ಬೆಲೆಯನ್ನು ಅರಿತು ನಡೆದವರಿಗೆ ಜೋಡಣೆ ನಿರಾಶೆ ಮಾಡುವುದಿಲ್ಲ.

ಲೆನ್ಸಿನ ಆಯ್ಕೆ

ಆರಂಭಿಕರು ಅತಿ ಹೆಚ್ಚು ಎಡವುವುದು ಇಲ್ಲಿಯೇ. ಹೆಚ್ಚಿನ ಜೋಡಣೆಗಳು 35 ಮಿ.ಮೀ. ಫಿಲ್ಮ್ ಕ್ಯಾಮೆರಾದ 50 ಮಿ.ಮೀ. ಲೆನ್ಸನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪಿಸಿದವು. ಅದರ ಕಾರಣವನ್ನು ಸರಳ ಲೆಕ್ಕದಿಂದ ತಿಳಿಯಬಹುದು. 36 ಮಿ.ಮೀ. ಚೌಕಟ್ಟಿನಲ್ಲಿ ಪ್ರತಿ ಅರ್ಧದ ನಡುಬಿಂದು ಲೆನ್ಸಿನ ಅಕ್ಷದಿಂದ 9 ಮಿ.ಮೀ. ದೂರದಲ್ಲಿರುತ್ತದೆ. 50 ಮಿ.ಮೀ. ಲೆನ್ಸಿಗೆ ಇದು ಸುಮಾರು 10 ಡಿಗ್ರಿ ಕೋನ. ಅಂದರೆ ಲೆನ್ಸಿನ ಪ್ರತಿ ಅರ್ಧವೂ ನೇರ ಮುಂದಕ್ಕೆ ನೋಡದೆ 10 ಡಿಗ್ರಿ ಪಕ್ಕಕ್ಕೆ ನೋಡುತ್ತಿರುತ್ತದೆ. ಇದನ್ನು ಸರಿಪಡಿಸಿ ಎರಡು ನೋಟಗಳನ್ನೂ ಮುಂದಕ್ಕೆ ತಿರುಗಿಸಲು ತಯಾರಕರು ಕನ್ನಡಿಗಳ ಕೋನದಲ್ಲಿ ಸುಮಾರು 5 ಡಿಗ್ರಿ ವ್ಯತ್ಯಾಸ ಮಾಡಿರುತ್ತಾರೆ; ಕನ್ನಡಿ 5 ಡಿಗ್ರಿ ವಾಲಿದರೆ ಕಿರಣ 10 ಡಿಗ್ರಿ ತಿರುಗುತ್ತದೆ.

ಈಗ ಅದೇ 50 ಮಿ.ಮೀ. ಲೆನ್ಸನ್ನು ಸುಮಾರು 24 ಮಿ.ಮೀ. ಅಗಲದ ಸೆನ್ಸರ್ ಇರುವ ಡಿಜಿಟಲ್ ಕ್ಯಾಮೆರಾಕ್ಕೆ ಹಾಕಿದರೆ ಅರ್ಧದ ನಡುಬಿಂದು 6 ಮಿ.ಮೀ. ದೂರಕ್ಕೆ ಬರುತ್ತದೆ; ಕೋನ 7 ಡಿಗ್ರಿಗೆ ಇಳಿಯುತ್ತದೆ. ಕನ್ನಡಿಗಳ ವಾಲಿಕೆಗೂ ಈ ಕೋನಕ್ಕೂ ಹೊಂದದೆ ಎರಡು ಚಿತ್ರಗಳಲ್ಲಿ ಸಮಾನವಾದ ಭಾಗ ಕಡಿಮೆಯಾಗುತ್ತದೆ. ಅಂತಹ ಕ್ಯಾಮೆರಾಕ್ಕೆ 35 ಮಿ.ಮೀ. ಲೆನ್ಸ್ ಸರಿ, ಆಗ ಕೋನ ಮತ್ತೆ 10 ಡಿಗ್ರಿಗೆ ಹತ್ತಿರವಾಗುತ್ತದೆ. ಇನ್ನೂ ಅಗಲ ನೋಟದ ಲೆನ್ಸಾದರೆ ಪೆಟ್ಟಿಗೆಯ ಒಳಗೋಡೆಗಳೇ ಚಿತ್ರದಲ್ಲಿ ಕಾಣುತ್ತವೆ. ಝೂಮ್ ಲೆನ್ಸ್ ಇದ್ದವರು ಮೊದಲು ಈ ಅಳತೆಗೆ ನಿಲ್ಲಿಸಿ, ಕಿಟಕಿಯಾಚೆಯ ದೃಶ್ಯವನ್ನು ನೋಡುತ್ತ ಸ್ವಲ್ಪ ಹಿಂದೆಮುಂದೆ ಮಾಡಿ, ಎರಡು ಅರ್ಧಗಳಲ್ಲಿಯೂ ಒಂದೇ ದೃಶ್ಯ ಹೆಚ್ಚಾಗಿ ಬರುವ ಸ್ಥಾನವನ್ನು ಗುರುತಿಸಿಕೊಳ್ಳಬೇಕು.

ಲೆನ್ಸಿನ ಮುಂಭಾಗ ಫೋಕಸ್ ಮಾಡುವಾಗ ಸುತ್ತುವಂತಿದ್ದರೆ ಜೋಡಣೆಯೂ ಅದರೊಡನೆ ಸುತ್ತುತ್ತದೆ. ಅಂತಹ ಲೆನ್ಸ್ ಬೇಡ. ಫಿಲ್ಟರ್ ಕೂರಿಸುವ ತಿರುಪಿನ ಅಳತೆ, ಅಂದರೆ 49, 52 ಅಥವಾ 58 ಮಿ.ಮೀ., ಹೊಂದುತ್ತದೆಯೇ ಎಂದು ನೋಡಬೇಕು. ಹೊಂದದಿದ್ದರೆ ಅಗ್ಗದ ಬೆಲೆಗೆ ಸಿಗುವ ಅಳತೆ ಬದಲಿಸುವ ಬಳೆ ಸಾಕು.

ಕನ್ನಡಿಗಳನ್ನು ಪರೀಕ್ಷಿಸುವ ಬಗೆ

ಮನೆಯ ನಿಲುವುಗನ್ನಡಿಯಲ್ಲಿ ಪ್ರತಿಫಲಿಸುವ ಲೇಪ ಗಾಜಿನ ಹಿಂದೆ ಇರುತ್ತದೆ. ಗಾಜಿನ ಮುಂಭಾಗವೂ ಸ್ವಲ್ಪ ಬೆಳಕನ್ನು ಹಿಂತಿರುಗಿಸುವುದರಿಂದ ಮುಖ್ಯ ಚಿತ್ರದ ಪಕ್ಕದಲ್ಲಿ ಮಂಕಾದ ಇನ್ನೊಂದು ನೆರಳುಚಿತ್ರ ಮೂಡುತ್ತದೆ. ಸ್ಟೀರಿಯೊ ಜೋಡಣೆಗೆ ಲೇಪ ಮುಂಭಾಗದಲ್ಲಿಯೇ ಇರುವ ಕನ್ನಡಿ ಬೇಕು. ಪೆನ್ಸಿಲಿನ ತುದಿಯನ್ನು ಕನ್ನಡಿಗೆ ತಾಗುವಷ್ಟು ಹತ್ತಿರ ತಂದು ನೋಡಿ. ತುದಿಯೂ ಅದರ ಪ್ರತಿಬಿಂಬವೂ ಒಂದನ್ನೊಂದು ಮುಟ್ಟುವಂತೆ ಕಂಡರೆ ಅದು ಮುಂಭಾಗದ ಲೇಪ, ನಡುವೆ ಗಾಜಿನ ದಪ್ಪದ ಅಂತರ ಕಂಡರೆ ಹಿಂಭಾಗದ ಲೇಪ. ತುದಿಯನ್ನು ಒತ್ತಬಾರದು, ಲೇಪ ಗೀರುತ್ತದೆ. ಸ್ವತಃ ಪೆಟ್ಟಿಗೆ ತಯಾರಿಸುವ ಉತ್ಸಾಹಿಗಳಿಗೆ ಕೆಟ್ಟುಹೋದ ಸ್ಕ್ಯಾನರ್‌ಗಳ ಒಳಗಿನ ಕನ್ನಡಿ ಪಟ್ಟಿಗಳು ಒದಗುತ್ತವೆ. ಅವು ಮುಂಭಾಗದ ಲೇಪದವು.

ಮೊದಲ ದಿನದ ಅಭ್ಯಾಸ

ಹೊರಗೆ ಹೋಗುವ ಮುನ್ನ ಮನೆಯಲ್ಲಿ ಒಂದು ಗಂಟೆ ಅಭ್ಯಾಸ ಮಾಡುವುದು ಅಗತ್ಯ. ಕ್ಯಾಮೆರಾವನ್ನು ಟ್ರೈಪಾಡಿನ ಮೇಲೆ ಸಮತಟ್ಟಾಗಿ ಕೂರಿಸಿ, ಸುಮಾರು 3 ಮೀಟರ್ ದೂರದ ಗೋಡೆಗೆ ವೃತ್ತಪತ್ರಿಕೆಯ ಪುಟವೊಂದನ್ನು ಅಂಟಿಸಿ. ಜೋಡಣೆಯನ್ನು ಲೆನ್ಸಿಗೆ ಕೂರಿಸಿ ನಿಧಾನವಾಗಿ ತಿರುಗಿಸುತ್ತ ನೋಡಿ. ಎಡ ಅರ್ಧದಲ್ಲಿ ಕಾಣುವ ಶೀರ್ಷಿಕೆಯ ಸಾಲು ಮತ್ತು ಬಲ ಅರ್ಧದಲ್ಲಿ ಕಾಣುವ ಅದೇ ಸಾಲು ಒಂದೇ ಎತ್ತರದಲ್ಲಿ ಬಂದಾಗ ಜೋಡಣೆ ನೇರವಾಗಿದೆ ಎಂದು ಅರ್ಥ. ಒಂದು ಮೇಲೆ, ಒಂದು ಕೆಳಗೆ ಇದ್ದರೆ ನೋಡುವವರಿಗೆ ತಲೆನೋವು ಬರುವುದು ಖಚಿತ. ನಮ್ಮ ಕಣ್ಣುಗಳು ಅಡ್ಡದ ವ್ಯತ್ಯಾಸವನ್ನು ಸಹಜವಾಗಿ ಸ್ವೀಕರಿಸುತ್ತವೆ. ಮೇಲುಕೆಳಗಿನ ವ್ಯತ್ಯಾಸವನ್ನು ಸಹಿಸುವುದಿಲ್ಲ. ಸರಿಯಾದ ಸ್ಥಾನ ಸಿಕ್ಕಿದ ಮೇಲೆ ಲೆನ್ಸ್ ಮತ್ತು ಜೋಡಣೆಯ ಮೇಲೆ ಬಿಳಿಯ ಬಣ್ಣದ ಚುಕ್ಕೆಯಿಟ್ಟುಕೊಂಡರೆ ಮುಂದಿನ ಸಲ ಶ್ರಮ ಉಳಿಯುತ್ತದೆ.

ಕ್ಯಾಮೆರಾವನ್ನು ಎಂದಿಗೂ ಅಡ್ಡವಾಗಿಯೇ ಹಿಡಿಯಬೇಕು. ನೆಟ್ಟಗೆ ತಿರುಗಿಸಿದರೆ ಎರಡು ನೋಟಗಳು ಅಕ್ಕಪಕ್ಕದ ಬದಲು ಮೇಲೆ ಕೆಳಗೆ ಆಗುತ್ತವೆ. ಅಂತಹ ಕಣ್ಣುಗಳು ಯಾರಿಗೂ ಇಲ್ಲ.

ಫೋಕಸ್, ಅಪರ್ಚರ್, ಫ್ಲ್ಯಾಷ್

ಕ್ಯಾಮೆರಾದ ಸ್ವಯಂಚಾಲಿತ ಫೋಕಸ್ ಸಾಮಾನ್ಯವಾಗಿ ಚೌಕಟ್ಟಿನ ನಡುಭಾಗವನ್ನು ಗಮನಿಸುತ್ತದೆ. ಇಲ್ಲಿ ನಡುಭಾಗದಲ್ಲಿರುವುದು ಕನ್ನಡಿಗಳ ಏಣು. ಹೀಗಾಗಿ ಫೋಕಸ್ ಬಿಂದುವನ್ನು ಒಂದು ಅರ್ಧದ ನಡುವಿಗೆ ಸರಿಸಬೇಕು, ಇಲ್ಲವೇ ಕೈಯಿಂದ ಫೋಕಸ್ ಮಾಡಬೇಕು.

ಅಪರ್ಚರ್ ವಿಷಯದಲ್ಲಿ ಒಂದು ನಿಯಮ ನೆನಪಿಟ್ಟರೆ ಸಾಕು: ಎಫ್ 8ರಿಂದ ಎಫ್ 11. 50 ಮಿ.ಮೀ. ಲೆನ್ಸಿನ ರಂಧ್ರ ಎಫ್ 2ರಲ್ಲಿ 25 ಮಿ.ಮೀ. ಅಗಲವಿದ್ದರೆ ಎಫ್ 8ರಲ್ಲಿ 6 ಮಿ.ಮೀ.ಗಿಂತ ಸ್ವಲ್ಪ ಹೆಚ್ಚು. ರಂಧ್ರ ಅಗಲವಾದಷ್ಟೂ ನಡುವೆ ಎರಡು ನೋಟಗಳು ಒಂದರ ಮೇಲೊಂದು ಬೆರೆಯುವ ಮಬ್ಬು ಪಟ್ಟಿ ಅಗಲವಾಗಿ, ಬಳಸಬಹುದಾದ ಚಿತ್ರ ಕಿರಿದಾಗುತ್ತದೆ. ಚಿಕ್ಕ ರಂಧ್ರದಿಂದ ಇನ್ನೊಂದು ಲಾಭವೂ ಇದೆ. ಸ್ಟೀರಿಯೊ ಚಿತ್ರದಲ್ಲಿ ನೋಡುವವರ ಕಣ್ಣು ಹಿಂದೆಮುಂದೆ ಅಲೆಯುತ್ತದೆ. ಹತ್ತಿರದ್ದೂ ದೂರದ್ದೂ ಸ್ಪಷ್ಟವಾಗಿರಬೇಕೆಂದು ಬಯಸುತ್ತದೆ. ಹಿನ್ನೆಲೆಯನ್ನು ಮಸುಕುಗೊಳಿಸುವ ಸೊಗಸು ಇಲ್ಲಿ ಅಷ್ಟಾಗಿ ಒಪ್ಪುವುದಿಲ್ಲ. ಬೆಳಕು ಸಾಲದಿದ್ದರೆ ಐಎಸ್‌ಒ ಏರಿಸುವುದು ರಂಧ್ರ ಹಿಗ್ಗಿಸುವುದಕ್ಕಿಂತ ಉತ್ತಮ.

ಕ್ಯಾಮೆರಾದಲ್ಲಿಯೇ ಇರುವ ಫ್ಲ್ಯಾಷನ್ನು ಬಳಸಬೇಡಿ. ಜೋಡಣೆಯ ನೆರಳು ಚಿತ್ರದ ಮೇಲೆ ಬೀಳುತ್ತದೆ. ಪ್ರತ್ಯೇಕ ಫ್ಲ್ಯಾಷನ್ನು ಎತ್ತರದಲ್ಲಿ ಹಿಡಿಯಬಹುದು, ಅಥವಾ ಚಾವಣಿಗೆ ಗುರಿಯಿಟ್ಟು ಬೆಳಕನ್ನು ಹರಡಿಸಬಹುದು. ಬಿಸಿಲಿನಲ್ಲಿ ಸೂರ್ಯ ಪಕ್ಕದಿಂದ ನೇರವಾಗಿ ಕನ್ನಡಿಗೆ ಬೀಳದಂತೆಯೂ ಎಚ್ಚರ ವಹಿಸಬೇಕು. ಒಂದು ಅರ್ಧ ಮಾತ್ರ ಬೆಳ್ಳಗಾದರೆ ಜೋಡಿ ಕೆಟ್ಟಂತೆಯೇ.

ಎಷ್ಟು ದೂರದಿಂದ, ಯಾವುದನ್ನು?

ಸ್ಟೀರಿಯೊ ಹವ್ಯಾಸಿಗಳು ಮೂವತ್ತರ ಸೂತ್ರವೆಂಬ ಒಂದು ಕೈಲೆಕ್ಕವನ್ನು ಬಳಸುತ್ತಾರೆ. ಎರಡು ನೋಟಗಳ ನಡುವಿನ ಅಂತರದ ಕನಿಷ್ಠ 30 ಪಟ್ಟು ದೂರದಲ್ಲಿ ಅತಿ ಹತ್ತಿರದ ವಸ್ತು ಇರಬೇಕು ಎಂಬುದು ಅದರ ಸಾರ. 65 ಮಿ.ಮೀ. ಅಂತರಕ್ಕೆ ಇದು ಸುಮಾರು 2 ಮೀಟರ್. ಇದಕ್ಕಿಂತ ಹತ್ತಿರ ಹೋದರೆ ನೋಡುವವರ ಕಣ್ಣು ಎರಡು ಚಿತ್ರಗಳನ್ನು ಕೂಡಿಸಲು ತಿಣುಕುತ್ತದೆ. ಇನ್ನೊಂದು ಕೊನೆಯಲ್ಲಿ, ಬೆಟ್ಟದ ಸಾಲು, ಸಮುದ್ರದಾಚೆಯ ಕಟ್ಟಡಗಳು ಚಪ್ಪಟೆಯಾಗಿಯೇ ಉಳಿಯುತ್ತವೆ. ಅಷ್ಟು ದೂರದಲ್ಲಿ 65 ಮಿ.ಮೀ. ಅಂತರ ಏನೂ ಅಲ್ಲ. ಜೋಡಣೆಯ ಸಹಜ ಕ್ಷೇತ್ರವೆಂದರೆ 2 ಮೀಟರಿನಿಂದ 8–10 ಮೀಟರಿನವರೆಗಿನ ಜಗತ್ತು. ಒಂದು ಕೋಣೆ, ಒಂದು ಅಂಗಳ, ಒಂದು ಮೊಗಸಾಲೆ, ಒಂದು ರಂಗಸ್ಥಳ: ಮನುಷ್ಯರು ಪರಸ್ಪರ ಮಾತನಾಡುವಷ್ಟು ದೂರ.

ಚೌಕಟ್ಟು ಉದ್ದನೆಯದಾದ್ದರಿಂದ ನಿಂತ ಮನುಷ್ಯನಿಗೆ ಅದು ಹೇಳಿ ಮಾಡಿಸಿದಂತಿದೆ. ಯಕ್ಷಗಾನದ ವೇಷಧಾರಿಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಎದ್ದುನಿಂತ ಕಿರೀಟ, ಹೆಗಲಿನ ಭುಜಕೀರ್ತಿ, ಎದೆಯ ಕವಚ, ಮುಂದೆ ಚಾಚಿದ ಕೈ, ಇವೆಲ್ಲ ಬೇರೆಬೇರೆ ದೂರದಲ್ಲಿರುವ ಪದರಗಳು. ಚಪ್ಪಟೆ ಚಿತ್ರದಲ್ಲಿ ಕಿರೀಟವು ಹಿಂದಿನ ಪರದೆಯೊಡನೆ ಬೆರೆತುಹೋಗುತ್ತದೆ; ಸ್ಟೀರಿಯೊ ಚಿತ್ರದಲ್ಲಿ ಅದರ ಪ್ರತಿ ಅಂಚೂ ಬಿಡಿಬಿಡಿಯಾಗಿ ನಿಲ್ಲುತ್ತದೆ. ಆಟ ನಡೆಯುವಾಗ ಎಫ್ 8ಕ್ಕೆ ಸಾಕಾಗುವಷ್ಟು ಬೆಳಕು ವೇದಿಕೆಯಲ್ಲಿ ಅಪರೂಪ. ಆದ್ದರಿಂದ ಆಟಕ್ಕೆ ಮೊದಲು ಚೌಕಿಯಲ್ಲಿ, ಕಲಾವಿದರ ಅನುಮತಿ ಪಡೆದು, ಬಣ್ಣಗಾರಿಕೆಗೆ ಅಡ್ಡಿಯಾಗದಂತೆ ತೆಗೆಯುವುದು ಲೇಸು. ಪಾತ್ರಧಾರಿ ಕನ್ನಡಿಯ ಮುಂದೆ ಕುಳಿತು ಕೇಸರಿ ಕಟ್ಟಿಕೊಳ್ಳುವ ಒಂದು ಚಿತ್ರ, ಆ ಚೌಕಿಯೊಳಗೆ ನಾವೇ ಕುಳಿತಂತಹ ಅನುಭವ ಕೊಡುತ್ತದೆ.

ಸಂಯೋಜನೆಗೆ ಒಂದು ಸೂಚನೆ. ಚಿತ್ರದ ಚೌಕಟ್ಟನ್ನು ಕಿಟಕಿಯೆಂದು ಭಾವಿಸಿ, ದೃಶ್ಯವೆಲ್ಲ ಕಿಟಕಿಯ ಆಚೆ ಇರುವಂತೆ ನೋಡಿಕೊಳ್ಳಿ. ಕಿಟಕಿಯ ಈಚೆಗೆ ಬಂದಂತೆ ಕಾಣುವ ವಸ್ತು ಚೌಕಟ್ಟಿನ ಪಕ್ಕದ ಅಂಚಿನಿಂದ ಕತ್ತರಿಸಿಹೋಗಿದ್ದರೆ ಮಿದುಳು ಗೊಂದಲಕ್ಕೊಳಗಾಗುತ್ತದೆ.

ನೋಡುವ ವಿಧಾನಗಳು

ಚಿತ್ರವನ್ನು ಕಂಪ್ಯೂಟರಿಗೆ ಇಳಿಸಿಕೊಂಡ ಮೇಲೆ ಜಪಾನಿನ ಮಸುಜಿ ಸುಟೊ ಅವರು ರೂಪಿಸಿ ಉಚಿತವಾಗಿ ನೀಡಿರುವ ಸ್ಟೀರಿಯೊ ಫೋಟೋ ಮೇಕರ್ ತಂತ್ರಾಂಶದಲ್ಲಿ ತೆರೆಯಬಹುದು. ಕನ್ನಡಿಗಳ ವಾಲಿಕೆಯಿಂದ ಪ್ರತಿ ಅರ್ಧವೂ ಸ್ವಲ್ಪ ವಾರೆಯಾಗಿರುತ್ತದೆ. ಒಂದು ಬದಿ ಎತ್ತರ, ಒಂದು ಬದಿ ಗಿಡ್ಡ. ಈ ದೋಷವನ್ನೂ ಉಳಿದಿರುವ ಮೇಲುಕೆಳಗಿನ ವ್ಯತ್ಯಾಸವನ್ನೂ ತಂತ್ರಾಂಶ ಬಹುಮಟ್ಟಿಗೆ ತಾನಾಗಿಯೇ ಸರಿಪಡಿಸುತ್ತದೆ. ಅನಂತರ ನಡುವಿನ ಮಬ್ಬು ಪಟ್ಟಿಯನ್ನು ಕತ್ತರಿಸಿ ತೆಗೆಯಬೇಕು.

ಎಡಬಲಗಳು ಅದಲುಬದಲಾಗಿವೆಯೇ ಎಂಬುದನ್ನು ತಿಳಿಯಲು ಸುಲಭ ಪರೀಕ್ಷೆಯಿದೆ. ಎಡಗಣ್ಣಿನ ಚಿತ್ರದಲ್ಲಿ ಹತ್ತಿರದ ವಸ್ತುವು ಹಿನ್ನೆಲೆಗೆ ಹೋಲಿಸಿದರೆ ತುಸು ಬಲಕ್ಕೆ ಸರಿದಿರಬೇಕು. ತದ್ವಿರುದ್ಧವಾಗಿದ್ದರೆ ಉಬ್ಬು ತಗ್ಗಾಗಿ, ತಗ್ಗು ಉಬ್ಬಾಗಿ ಕಾಣುತ್ತದೆ.

ಬರಿಗಣ್ಣಿನಿಂದ ನೋಡುವುದೂ ಸಾಧ್ಯ. ಜೋಡಿಚಿತ್ರವನ್ನು ಮುಖದ ಮುಂದೆ ಹಿಡಿದು, ಅದರ ಆಚೆ ದೂರದ ಗೋಡೆಯನ್ನು ನೋಡುವಂತೆ ಕಣ್ಣನ್ನು ಸಡಿಲ ಬಿಟ್ಟರೆ ಎರಡು ಚಿತ್ರಗಳ ನಡುವೆ ಮೂರನೆಯದೊಂದು ಮೂಡಿ ಆಳ ಪಡೆಯುತ್ತದೆ. ಇಲ್ಲಿ ಅಳತೆಯ ಲೆಕ್ಕವಿದೆ. 6 ಅಂಗುಲ ಅಗಲದ ಮುದ್ರಣದಲ್ಲಿ ಎರಡು ಅರ್ಧಗಳ ನಡುಬಿಂದುಗಳ ಅಂತರ ಸುಮಾರು 76 ಮಿ.ಮೀ.; ಇದು ಕಣ್ಣುಗಳ ಅಂತರಕ್ಕಿಂತ ಹೆಚ್ಚು. ಕಣ್ಣುಗಳು ಹೊರಕ್ಕೆ ತಿರುಗಲಾರವು. ಆದ್ದರಿಂದ ಇಡೀ ಜೋಡಿಯನ್ನು 12 ಸೆಂ.ಮೀ. ಅಗಲಕ್ಕೆ ಕುಗ್ಗಿಸಿ ಮುದ್ರಿಸಬೇಕು. ಆಗ ಅಂತರ 60 ಮಿ.ಮೀ. ಆಗುತ್ತದೆ. ಹೋಮ್ಸ್ ಮಾದರಿಯ ವೀಕ್ಷಕ ಇದ್ದವರಿಗೆ ದೊಡ್ಡ ಅಳತೆಯೇ ಸರಿ, ಏಕೆಂದರೆ ಅದರ ಮಸೂರಗಳು ಕಿರಣಗಳನ್ನು ಒಳಕ್ಕೆ ಬಾಗಿಸಿಕೊಡುತ್ತವೆ. 2014ರಲ್ಲಿ ಗೂಗಲ್ ಪರಿಚಯಿಸಿದ ರಟ್ಟಿನ ವೀಕ್ಷಕದ ಮಾದರಿಯವು ಇಂದಿಗೂ ಅಗ್ಗವಾಗಿ ಸಿಗುತ್ತವೆ. ಮೊಬೈಲ್ ಪರದೆಯ ಮೇಲೆ ಜೋಡಿಚಿತ್ರವನ್ನಿಟ್ಟು ಅವುಗಳ ಮೂಲಕ ನೋಡಬಹುದು.

ಸಭೆಯಲ್ಲಿ ಅನೇಕರಿಗೆ ಒಮ್ಮೆಗೆ ತೋರಿಸಬೇಕಾದರೆ ಕೆಂಪು ಮತ್ತು ನೀಲಿಹಸಿರು ಗಾಜಿನ ಕಾಗದದ ಕನ್ನಡಕದಿಂದ ನೋಡುವ ಅನಗ್ಲಿಫ್ ವಿಧಾನ ಅನುಕೂಲ. ಕೆಂಪು ಎಡಗಣ್ಣಿಗೆ. ಆದರೆ ಕಡುಗೆಂಪು ಸೀರೆ, ಕೆಂಪು ವೇಷಭೂಷಣಗಳು ಈ ವಿಧಾನದಲ್ಲಿ ಒಂದು ಕಣ್ಣಿಗೆ ಬೆಳಗಿ ಇನ್ನೊಂದಕ್ಕೆ ಕಪ್ಪಾಗಿ ಮಿನುಗುತ್ತವೆ. ಅಂತಹ ಚಿತ್ರಗಳನ್ನು ಮೊದಲು ಕಪ್ಪು-ಬಿಳುಪಿಗೆ ಪರಿವರ್ತಿಸಿಕೊಳ್ಳುವುದು ಒಳ್ಳೆಯದು. 2010ರ ಸುಮಾರಿಗೆ ಬಂದ ತ್ರೀಡಿ ಟಿವಿಗಳನ್ನು ಪ್ರಮುಖ ತಯಾರಕರು 2017ರ ಹೊತ್ತಿಗೆ ಕೈಬಿಟ್ಟರು; ಮನೆಯಲ್ಲಿ ಹಳೆಯದೊಂದು ಇದ್ದವರು ಅದನ್ನು ಜೋಪಾನ ಮಾಡುವುದು ಒಳಿತು.

ಒಂದು ಮಾತು ಮರೆಯಬಾರದು. ಮೆಳ್ಳಗಣ್ಣು ಅಥವಾ ಒಂದು ಕಣ್ಣಿನ ಮಂದದೃಷ್ಟಿ ಇರುವ ಕೆಲವರಿಗೆ ಆಳ ಕಾಣುವುದೇ ಇಲ್ಲ. ಅಂಥವರನ್ನು ಪೀಡಿಸಬಾರದು. ಮಕ್ಕಳಿಗೆ ಎಷ್ಟು ಸಲ ನೋಡಿದರೂ ಕಾಣದಿದ್ದರೆ ನೇತ್ರವೈದ್ಯರಲ್ಲಿಗೆ ಒಮ್ಮೆ ಕರೆದೊಯ್ಯುವುದು ವಿವೇಕ.

ಆರೈಕೆ

ಮುಂಭಾಗದ ಲೇಪವುಳ್ಳ ಕನ್ನಡಿಯನ್ನು ಬಟ್ಟೆಯಿಂದ ಒರೆಸಬಾರದು. ರಬ್ಬರಿನ ಊದುಬುರುಡೆಯಿಂದ ಧೂಳನ್ನು ಹಾರಿಸಬೇಕು. ಬೆರಳು ಸೋಕದಂತೆ ಕಾಪಾಡಬೇಕು. ಮುಂಬಯಿ, ಚೆನ್ನೈಗಳಂತಹ ಕರಾವಳಿ ನಗರಗಳಲ್ಲಿ ತೇವವೇ ದೊಡ್ಡ ಶತ್ರು. ಮಳೆಗಾಲದಲ್ಲಿ ಜೋಡಣೆಯನ್ನು ಚರ್ಮದ ಚೀಲದಲ್ಲಿಡದೆ, ಮುಚ್ಚಳ ಬಿಗಿಯಾದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಇಡಿ.

ಕೊನೆಯ ಮಾತು

ನಮ್ಮ ನಗರಗಳಲ್ಲಿ ಕನ್ನಡಿಗರು ಬಾಳಿದ ಚಾಳುಗಳು, ರಾತ್ರಿಶಾಲೆಯ ಪಾಠ ನಡೆದ ಕೋಣೆಗಳು, ಚಿಕ್ಕ ಉಪಾಹಾರ ಗೃಹಗಳು ಒಂದೊಂದಾಗಿ ರೂಪ ಬದಲಿಸುತ್ತಿವೆ. ಅವುಗಳ ಚಪ್ಪಟೆ ಚಿತ್ರಗಳು ಬಹಳ ಇವೆ. ಆದರೆ ಆ ಕೋಣೆ ಎಷ್ಟು ಇಕ್ಕಟ್ಟಾಗಿತ್ತು, ಆ ಇಕ್ಕಟ್ಟಿನಲ್ಲಿ ಹತ್ತು ಮಂದಿ ಹೇಗೆ ಕುಳಿತಿದ್ದರು ಎಂಬುದನ್ನು ಮುಂದಿನ ತಲೆಮಾರಿಗೆ ಕಣ್ಣಾರೆ ತೋರಿಸಬಲ್ಲದ್ದು ಸ್ಟೀರಿಯೊ ಚಿತ್ರ. ಇದಕ್ಕೆ ಬೇಕಾದುದು ಒಂದು ಕ್ಯಾಮೆರಾ, ನಾಲ್ಕು ಕನ್ನಡಿ, ಒಂದು ಗಂಟೆಯ ಅಭ್ಯಾಸ. ನಮ್ಮ ಕೈತಪ್ಪಿದ ಮೊಗಸಾಲೆ ಮರಳಿ ಬಾರದು. ಓದುಗ ಬಂಧುಗಳು ತಮ್ಮ ಮನೆಯ ಹಿರಿಯರನ್ನು, ಅವರು ದಿನವೂ ಕುಳಿತುಕೊಳ್ಳುವ ಜಾಗದಲ್ಲಿಯೇ, 2 ಮೀಟರ್ ದೂರದಿಂದ, ಈ ವಾರವೇ ಒಂದು ಜೋಡಿಚಿತ್ರದಲ್ಲಿ ಹಿಡಿದಿಡಲಿ ಎಂದು ನಾವು ಹಾರೈಸುತ್ತೇವೆ.